‘ಬೇಡ’ ಎನ್ನುವ ಅಧಿಕಾರ

ನಮ್ಮ ಚಿಗಳ್ಳಿ ಇರುವುದು ಮುಂಡಗೋಡ ತಾಲೂಕಿನಲ್ಲಿ, ಮಲೆನಾಡಿನ ಸೆರಗಿನಲ್ಲಿ. ಇಲ್ಲಿಂದ ಹಳಿಯಾಳ, ದಾಂಡೇಲಿ, ಜೋಯಿಡಾಗಳತ್ತ ಹೊರಟರೆ ಕಾಡು ದಟ್ಟವಾಗುತ್ತಾ ಹೋಗುತ್ತದೆ. ಒಂದು ಕಾಲಕ್ಕೆ ಆ ಕಾಡಿಗೆ ಹೋಗುತ್ತಿದ್ದವರು ಕೆಲಸವಿದ್ದವರು ಮಾತ್ರ. ಇಂದು ಶನಿವಾರ, ರವಿವಾರ ಬಂತೆಂದರೆ ಪಟ್ಟಣದವರು ಬೆನ್ನಿಗೆ ಚೀಲ ಕಟ್ಟಿಕೊಂಡು ಚಾರಣಕ್ಕೆ ಬರುತ್ತಾರೆ. ಹಣ ಪಡೆದು ಅವರನ್ನು ಕರೆದೊಯ್ಯುವ ಸಂಸ್ಥೆಗಳು ಹುಟ್ಟಿಕೊಂಡಿವೆ. ಹಾಗಾದರೆ ದಾರಿ ತೋರುವವನ ಅರ್ಹತೆಯೇನು, ಹೊಣೆಯೇನು, ಅವನಿಗಿರುವ ಅಧಿಕಾರವೇನು? ಈ ಪ್ರಶ್ನೆಗೆ ಇನ್ನೂರು ವರ್ಷಗಳ ಇತಿಹಾಸವಿದೆ. ಅದನ್ನು ಓದುಗರ ಮುಂದಿಡುವುದು ಈ ಬರಹದ ಉದ್ದೇಶ.

ಈ ಇತಿಹಾಸದ ಮೊದಲ ಅಧ್ಯಾಯ ಯುರೋಪಿನ ಆಲ್ಪ್ಸ್ ಪರ್ವತಗಳದ್ದು. 1820ರ ಆಗಸ್ಟ್‌ನಲ್ಲಿ ರಷ್ಯಾದ ವಿಜ್ಞಾನಿ ಜೋಸೆಫ್ ಹಾಮೆಲ್ ಎಂಬಾತ ಮಾಂಟ್ ಬ್ಲಾಂಕ್ ಶಿಖರವನ್ನೇರಲು ಶಮೊನಿ ಗ್ರಾಮದ ಮಾರ್ಗದರ್ಶಿಗಳನ್ನು ಕರೆದುಕೊಂಡು ಹೊರಟನು. ಹವೆ ಕೆಟ್ಟಿತ್ತು, ಮಾರ್ಗದರ್ಶಿಗಳು ಹಿಂಜರಿದರು. ಆದರೂ ತಂಡ ಮುಂದೆ ನಡೆಯಿತು. ಹಿಮ ಕುಸಿದು ಮೂವರು ಮಾರ್ಗದರ್ಶಿಗಳು ಬಿರುಕಿನೊಳಗೆ ಸಮಾಧಿಯಾದರು. ಹಾಮೆಲ್ ಬದುಕಿ ಬಂದನು. ಸುಮಾರು 40 ವರ್ಷಗಳ ಅನಂತರ, 1861ರಲ್ಲಿ, ಹಿಮನದಿಯು ಆ ಬಡಪಾಯಿಗಳ ಅವಶೇಷಗಳನ್ನು ಕೆಳಗೆ ತಂದು ಹೊರಹಾಕಿತು.

ಈ ದುರಂತದ ಮರುವರ್ಷವೇ, 1821ರಲ್ಲಿ, ಶಮೊನಿಯ ಮಾರ್ಗದರ್ಶಿಗಳ ಸಂಘ ಸ್ಥಾಪನೆಯಾಯಿತು. ಸರದಿಯ ಪ್ರಕಾರ ಕೆಲಸ ಹಂಚುವುದು, ಮಡಿದವರ ಮನೆಯವರಿಗೆ ನೆರವಿನ ನಿಧಿ ಮೊದಲಾದ ಕಟ್ಟಳೆಗಳು ಅಲ್ಲಿ ರೂಪುಗೊಂಡವು. ಮಾಂಟ್ ಬ್ಲಾಂಕ್ ಏರುವ ಒಬ್ಬೊಬ್ಬ ಪ್ರವಾಸಿಗನಿಗೂ ನಾಲ್ವರು ಮಾರ್ಗದರ್ಶಿಗಳು ಇರಲೇಬೇಕೆಂಬ ನಿಯಮವೂ ಇತ್ತು. ಅದರಂತೆ 1851ರಲ್ಲಿ ಆಲ್ಬರ್ಟ್ ಸ್ಮಿತ್ ಮತ್ತು ಅವನ ಮೂವರು ಜೊತೆಗಾರರು 16 ಮಾರ್ಗದರ್ಶಿಗಳೊಂದಿಗೆ ಹೊರಡಬೇಕಾಯಿತು. ನಿಯಮ ಅತಿಯಾಯಿತೆಂದು ಗೊಣಗಿದವರುಂಟು. ಆದರೆ ಅದರ ಹಿಂದೆ ಮೂರು ಹೆಣಗಳಿದ್ದವೆಂಬುದನ್ನು ಮರೆಯಬಾರದು.

ನಮ್ಮ ದೇಶದಲ್ಲಿ ಈ ವೃತ್ತಿಗೆ ಶಿಸ್ತು ಬಂದದ್ದು ಹಿಮಾಲಯದಲ್ಲಿ. 1928ರಲ್ಲಿ ಹುಟ್ಟಿದ ಹಿಮಾಲಯನ್ ಕ್ಲಬ್ ಡಾರ್ಜಿಲಿಂಗಿನ ಶೆರ್ಪಾಗಳ ಹೆಸರು, ಅನುಭವಗಳನ್ನು ದಾಖಲಿಸುವ ಪದ್ಧತಿಯನ್ನು ಬೆಳೆಸಿತು. ತೇನ್‌ಸಿಂಗ್ ಎವರೆಸ್ಟ್ ಏರಿದ ಮರುವರ್ಷ, 1954ರಲ್ಲಿ, ಡಾರ್ಜಿಲಿಂಗಿನಲ್ಲಿ ಪರ್ವತಾರೋಹಣ ಸಂಸ್ಥೆ ಆರಂಭವಾಯಿತು. 1965ರಲ್ಲಿ ಉತ್ತರಕಾಶಿಯಲ್ಲಿ ಮತ್ತೊಂದು ಬಂತು. ಹೀಗೆ ವಂಶಪಾರಂಪರ್ಯದ ಅರಿವಿನ ಜೊತೆಗೆ ತರಬೇತಿಯೂ ಸೇರಿತು.

ನಮ್ಮ ಜಿಲ್ಲೆಯ ಕಥೆ ಬೇರೆ. ದಾಂಡೇಲಿ ಅಭಯಾರಣ್ಯ ಘೋಷಣೆಯಾದದ್ದು 1956ರಲ್ಲಿ. ಅಣಶಿ ರಾಷ್ಟ್ರೀಯ ಉದ್ಯಾನ 1987ರಲ್ಲಿ ಬಂತು. ಎರಡೂ ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಗಿ, 2015ರಲ್ಲಿ ಅದಕ್ಕೆ ಕಾಳಿಯ ಹೆಸರು ಬಂತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯಕ್ಕೆ ಹೊರಗಿನವರು ಹೋಗಬೇಕಾದರೆ ಪರವಾನಗಿ ಬೇಕು. ಹುಲಿ ಪ್ರದೇಶಗಳ ಪ್ರವಾಸೋದ್ಯಮಕ್ಕಾಗಿ 2012ರಲ್ಲಿ ಹೊರಬಂದ ಮಾರ್ಗಸೂಚಿಗಳು ಸ್ಥಳೀಯರನ್ನೇ ತರಬೇತುಗೊಳಿಸಿ ಮಾರ್ಗದರ್ಶಿಗಳನ್ನಾಗಿ ಮಾಡಬೇಕೆಂದು ಹೇಳಿದವು. ಕುಣಬಿ, ಗೌಳಿ, ಸಿದ್ದಿ ಜನರ ಕಾಡಿನ ಅರಿವಿಗೆ ಇದರಿಂದ ಒಂದು ಬೆಲೆ ಬರುತ್ತದೆಂಬುದು ನನ್ನ ಭಾವನೆ.

ಆ ಅರಿವನ್ನು ಒಮ್ಮೆ ನಾನು ಕಣ್ಣಾರೆ ಕಂಡಿದ್ದೇನೆ. ಶಾಲೆಯ ಮಕ್ಕಳನ್ನು ಜೋಯಿಡಾ ತಾಲೂಕಿನ ಸಿಂಥೇರಿ ಬಂಡೆ ತೋರಿಸಲು ಕರೆದೊಯ್ದಿದ್ದೆವು. ಮಕ್ಕಳು ಕಾನೇರಿ ಹೊಳೆಗೆ ಇಳಿಯಲು ಹವಣಿಸುತ್ತಿದ್ದರು. ಜೊತೆಗೆ ಬಂದಿದ್ದ ಊರಿನ ಹಿರಿಯರೊಬ್ಬರು ನೀರಿನ ಬಣ್ಣ ನೋಡಿ, “ಮಾಸ್ತರೇ, ಮೇಲೆ ಮಳೆ ಬಿದ್ದಂಗದೆ. ಇವತ್ತು ನೀರಿಗೆ ಇಳಿಯೂದು ಬ್ಯಾಡ್ರಿ” ಎಂದರು. ನಮ್ಮ ತಲೆಯ ಮೇಲೆ ಬಿಸಿಲಿತ್ತು. ಅವರ ಮಾತಿನಂತೆ ಎಲ್ಲರನ್ನೂ ಮೇಲಕ್ಕೆ ಕರೆಸಿಕೊಂಡೆವು. ಅರ್ಧ ಗಂಟೆಯೊಳಗೆ ಕೆಂಪು ನೀರು ಬಂದು ಮಕ್ಕಳು ನಿಂತಿದ್ದ ಕಲ್ಲುಗಳನ್ನು ಮುಚ್ಚಿತು.

ಆ ಹಿರಿಯರಿಗೆ ನಮ್ಮಿಂದ ಸಂಬಳವಿರಲಿಲ್ಲ, ಆದ್ದರಿಂದ ‘ಬೇಡ’ ಎನ್ನಲು ಭಯವೂ ಇರಲಿಲ್ಲ. ದಿನಗೂಲಿಗೆ ದುಡಿಯುವ ಇಂದಿನ ಯುವಕನಿಗೆ ಆ ಸ್ವಾತಂತ್ರ್ಯವಿದೆಯೇ? ಹಣ ಕೊಟ್ಟವರು ಮುಂದೆ ನಡೆ ಎನ್ನುತ್ತಾರೆ, ಸಂಸ್ಥೆಯವರು ಹಣ ಹಿಂದಿರುಗಿಸಲು ಒಪ್ಪುವುದಿಲ್ಲ. ಕಾಳಿ ನದಿಯ ಗಣೇಶಗುಡಿಯಲ್ಲಿ 2022ರಲ್ಲಿ ಮಿತಿಮೀರಿ ಜನ ತುಂಬಿದ್ದ ರಬ್ಬರ್ ದೋಣಿಯೊಂದು ಸೆಳವಿಗೆ ಸಿಕ್ಕಿಕೊಂಡದ್ದು ಅನೇಕರಿಗೆ ನೆನಪಿರಬಹುದು. ದೈವವಶಾತ್ ಎಲ್ಲರೂ ಪಾರಾದರು.

ಎಲ್ಲೆಡೆ ಹಾಗಾಗಲಿಲ್ಲ. 2018ರ ಮಾರ್ಚ್ 11ರಂದು ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಚಾರಣಿಗರು ಕಾಳ್ಗಿಚ್ಚಿಗೆ ಸಿಲುಕಿ 20ಕ್ಕೂ ಹೆಚ್ಚು ಜನ ಪ್ರಾಣ ತೆತ್ತರು. ಅದೇ ವರ್ಷ ಆ ರಾಜ್ಯ ಚಾರಣ ನಿಯಂತ್ರಣ ನಿಯಮಗಳನ್ನು ರಚಿಸಿತು. ನಮ್ಮಲ್ಲಿ 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಒಮ್ಮೆಲೇ ಸಾವಿರಾರು ಜನ ನುಗ್ಗಿದ ಮೇಲೆ, ಆನ್‌ಲೈನ್ ಬುಕಿಂಗ್ ಇಲ್ಲದ ಕಡೆ ಚಾರಣವನ್ನು ತಡೆಹಿಡಿಯಲಾಯಿತು. ಮುಂದೆ ‘ಅರಣ್ಯ ವಿಹಾರ’ ಎಂಬ ಜಾಲತಾಣದ ಮೂಲಕ ಟಿಕೆಟ್ ಕೊಡುವ ವ್ಯವಸ್ಥೆ ಬಂತು. ಅದೇ ವರ್ಷದ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್ ಹಾದಿಯಲ್ಲಿ ಹಿಮಗಾಳಿಗೆ ಸಿಕ್ಕಿದ 22 ಜನರ ತಂಡದಲ್ಲಿ ಕರ್ನಾಟಕದ 9 ಚಾರಣಿಗರು ಅಸುನೀಗಿದರು. ರಾಜ್ಯದ ಸಚಿವರಾದ ಕೃಷ್ಣ ಬೈರೇಗೌಡರು ಡೆಹ್ರಾಡೂನಿಗೆ ಹೋಗಿ ಬದುಕುಳಿದವರನ್ನು ಕರೆತರುವ ವ್ಯವಸ್ಥೆ ನೋಡಿಕೊಂಡರು.

ಶಮೊನಿಯಿಂದ ಕುರಂಗಣಿಯವರೆಗೆ ಒಂದು ಸತ್ಯ ಎದ್ದು ಕಾಣುತ್ತದೆ: ಮೊದಲು ಸಾವು, ಆಮೇಲೆ ನಿಯಮ. ಟಿಕೆಟು, ಜನಸಂಖ್ಯೆಯ ಮಿತಿ, ಗುರುತಿನ ಚೀಟಿ ಇವೆಲ್ಲ ಅವಶ್ಯವೇ. ಆದರೆ ಇವು ಕಾಡಿನ ಬಾಗಿಲಲ್ಲಿ ಮುಗಿಯುತ್ತವೆ. ಒಳಗೆ ಹೋದ ಮೇಲೆ ಜೀವ ಉಳಿಸುವುದು ದಾರಿ ಬಲ್ಲವನ ವಿವೇಕವೊಂದೇ. ಹಿಂದಿರುಗಬೇಕೆಂದು ಮಾರ್ಗದರ್ಶಿ ಹೇಳಿದರೆ ಅದೇ ಕೊನೆಯ ಮಾತಾಗಬೇಕು. ಹಾಗೆ ಹೇಳಿದ ದಿನವೂ ಅವನ ಕೂಲಿ ಪೂರ್ಣವಾಗಿ ಸಿಗಬೇಕು. ಅವನ ಜೀವಕ್ಕೂ ವಿಮೆ ಇರಬೇಕು. ಈ ಮೂರು ಮಾತುಗಳು ನಿಯಮದ ಪುಸ್ತಕದಲ್ಲಿ ಸ್ಪಷ್ಟವಾಗಿ ಬರೆಯಲ್ಪಟ್ಟರೆ, ಮುಂದಿನ ನಿಯಮಕ್ಕಾಗಿ ಇನ್ನೊಂದು ಮನೆಯವರು ಕಣ್ಣೀರು ಹಾಕಬೇಕಾಗಿ ಬರಲಾರದು.