ಸಂವೇದನಾ ಆಟ

ಸಂವೇದನಾ ಆಟವು ಸ್ಪರ್ಶ, ದೃಷ್ಟಿ, ಶ್ರವಣ, ಘ್ರಾಣ ಮೊದಲಾದ ಇಂದ್ರಿಯಗಳ ಮೂಲಕ ಚಿಕ್ಕ ಮಕ್ಕಳು ಕಲಿಯುವ ಆಟದ ಬಗೆ. ಜೇಡಿಮಣ್ಣು, ಹಿಟ್ಟು, ಧಾನ್ಯ, ಕಾಗದ ಮುಂತಾದವುಗಳನ್ನು ಮುಟ್ಟಿ, ನಾದಿ, ಏನನ್ನಾದರೂ ರೂಪಿಸುವುದು ಇದರ ಮುಖ್ಯ ಲಕ್ಷಣ. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯಂತಹ ಹಳೆಯ ಬಡಾವಣೆಗಳ ಅನೇಕ ಮನೆಗಳಲ್ಲಿ ಇದು ಹಬ್ಬದ ಸಿದ್ಧತೆಯೊಂದಿಗೆ ಬೆರೆತುಕೊಂಡಿದೆ.

ಹಿನ್ನೆಲೆ

ಮಕ್ಕಳ ಕಲಿಕೆಯಲ್ಲಿ ಕೈಗೆಲಸಕ್ಕೆ ಸ್ಥಾನ ನೀಡಿದವರಲ್ಲಿ ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ ಪ್ರಮುಖರು. ಇಟಲಿಯ ಮರಿಯಾ ಮಾಂಟೆಸ್ಸೊರಿ ಅವರು 1907ರಲ್ಲಿ ರೋಮ್‌ನಲ್ಲಿ ಮಕ್ಕಳ ಶಾಲೆಯನ್ನು ಆರಂಭಿಸಿದರು. ಉಪ್ಪುಕಾಗದದಿಂದ ಕತ್ತರಿಸಿದ ಅಕ್ಷರಗಳನ್ನು ಬೆರಳಿನಿಂದ ಸವರಿ ಕಲಿಯುವುದು ಅವರ ಪದ್ಧತಿಯ ಭಾಗ. ಅವರು 1939ರಲ್ಲಿ ಮದರಾಸಿನ ಅಡ್ಯಾರ್‌ಗೆ ಬಂದು ಶಿಕ್ಷಕರಿಗೆ ತರಬೇತಿ ನೀಡಿದರು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 3ರಿಂದ 8 ವರ್ಷದ ಮಕ್ಕಳಿಗೆ ಆಟ ಆಧಾರಿತ ಕಲಿಕೆಯನ್ನು ಸೂಚಿಸುತ್ತದೆ.

ಮನೆಯ ರೂಢಿಗಳು

ಗಣೇಶ ಚತುರ್ಥಿ: ಜೇಡಿಮಣ್ಣನ್ನು ನಾದುವುದು, ಹೊಟ್ಟೆಗೆ ಉಂಡೆ ಕಟ್ಟುವುದು, ಸೊಂಡಿಲಿಗೆ ಉದ್ದಕ್ಕೆ ಹೊಸೆಯುವುದು.

ರಂಗೋಲಿ: ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಪುಡಿ ಹಿಡಿದು ಎಳೆ ಬಿಡುವುದು, ಚುಕ್ಕಿ ಎಣಿಸುವುದು.

ಬೊಂಬೆ ಹಬ್ಬ: ದಸರೆಯಲ್ಲಿ ಬೊಂಬೆಗಳ ಮುಂದೆ ಮಣ್ಣು ಹರಡಿ, ರಾಗಿ ಚೆಲ್ಲಿ, ಮೊಳಕೆಯಿಂದ ಪುಟ್ಟ ತೋಟ ಮಾಡುವುದು.

ಅಕ್ಷರಾಭ್ಯಾಸ: ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಮಗುವಿನ ಕೈಹಿಡಿದು ಮೊದಲ ಅಕ್ಷರ ಬರೆಸುವುದು.

ಅಳಗುಳಿ ಮಣೆ: 14 ಗುಳಿಗಳಲ್ಲಿ ಹುಣಸೆ ಬೀಜವನ್ನು ಒಂದೊಂದಾಗಿ ಹಾಕುತ್ತ ಎಣಿಸುವುದು.

ಕಲಿಕೆಯಲ್ಲಿ ಪಾತ್ರ

ಮೂರು ವರ್ಷದ ಮಗುವಿನ ಕೈಯ ಸಣ್ಣ ಸ್ನಾಯುಗಳು ಇನ್ನೂ ಬಲಗೊಳ್ಳುತ್ತಿರುತ್ತವೆ. ಈ ಹಂತದಲ್ಲಿಯೇ ಪುಟಗಟ್ಟಲೆ ಅಕ್ಷರ ತಿದ್ದಿಸಿದರೆ ಕೈ ಬೇಗ ದಣಿಯುತ್ತದೆ, ಬರೆವಣಿಗೆಯ ಮೇಲೆ ಬೇಸರವೂ ಹುಟ್ಟಬಹುದು. ನಾದುವುದು, ಹೊಸೆಯುವುದು, ಚಿಟಿಕೆ ಹಿಡಿಯುವುದು ಪೆನ್ಸಿಲ್ ಹಿಡಿತಕ್ಕೆ ಬೇಕಾದ ಬೆರಳುಗಳನ್ನೇ ಪಳಗಿಸುತ್ತವೆ. ಜಿಗುಟು, ನುಣುಪು, ತರಿ, ಒರಟು ಮುಂತಾದ ಪದಗಳನ್ನು ಹಿರಿಯರು ಆಟದ ನಡುವೆ ಬಳಸಿದಾಗ ಮಗುವಿಗೆ ಪದವೂ ಅದರ ಅನುಭವವೂ ಒಟ್ಟಿಗೆ ದೊರೆಯುತ್ತವೆ. ವಸ್ತು ಅಂದವಾಗಿ ಮೂಡುವುದಕ್ಕಿಂತ ಮಗು ತಾನೇ ಮಾಡುವುದು ಮುಖ್ಯ. ದೊಡ್ಡವರು ತಿದ್ದಿ ಮುಗಿಸಿಕೊಟ್ಟ ಗಣಪತಿಯಿಂದ ಮಗುವಿನ ಕೈಗೆ ಅಭ್ಯಾಸವಾಗುವುದಿಲ್ಲ.

ಸುರಕ್ಷತೆ

ಮೂರು ವರ್ಷದೊಳಗಿನ ಮಕ್ಕಳಿಗೆ ಹುಣಸೆ ಬೀಜ, ಕಡಲೆ, ಮಣಿಗಳನ್ನು ಕೊಡಬಾರದು. ಅವು ಗಂಟಲಲ್ಲಿ ಸಿಕ್ಕಿಕೊಂಡು ಉಸಿರು ಕಟ್ಟಬಹುದು. ಚಿಕ್ಕವರಿಗೆ ಕಲ್ಲಿನ ರಂಗೋಲಿ ಪುಡಿಗಿಂತ ಅಕ್ಕಿಹಿಟ್ಟು ಮೇಲು, ಆದರೆ ಹಸಿ ಹಿಟ್ಟನ್ನು ತಿನ್ನಲು ಬಿಡಬಾರದು. ನೀರು ತುಂಬಿದ ಬಕೆಟ್ಟಿನ ಬಳಿ ಮಗುವನ್ನು ಕ್ಷಣಕಾಲವೂ ಒಂಟಿಯಾಗಿ ಬಿಡಬಾರದು. ಕೆಲವು ಮಕ್ಕಳಿಗೆ ಜಿಗುಟಾದ ವಸ್ತುಗಳು ಹಿಡಿಸುವುದಿಲ್ಲ. ಅವರನ್ನು ಒತ್ತಾಯಿಸದೆ ಚಮಚ ಅಥವಾ ಕಡ್ಡಿಯಿಂದ ಆರಂಭಿಸುವುದು ಸೂಕ್ತ.

ಇವನ್ನೂ ನೋಡಿ

ಚನ್ನಪಟ್ಟಣದ ಗೊಂಬೆಗಳು
ರಂಗೋಲಿ
ಮಾಂಟೆಸ್ಸೊರಿ ಶಿಕ್ಷಣ