ಶರಣಾಗತ ವಜ್ರಪಂಜರ

ನಮ್ಮ ಶಾಸನಗಳಲ್ಲಿ ವೀರರಿಗೆ ‘ಶರಣಾಗತ ವಜ್ರಪಂಜರ’ ಎಂಬ ಬಿರುದು ಮತ್ತೆ ಮತ್ತೆ ಬರುವುದನ್ನು ನೀವು ಕೇಳಿರಬಹುದು. ಮರೆಹೊಕ್ಕವರಿಗೆ ಒಡೆಯಲಾಗದ ಕೋಟೆಯಾಗಿ ನಿಲ್ಲುವವನು ಎಂದು ಅದರ ಅಭಿಪ್ರಾಯ. ಈ ಬಿರುದು ನಿಜವಾಗಿ ಸಲ್ಲತಕ್ಕ ಪುರುಷನೊಬ್ಬನು ದೂರದ ಡಮಾಸ್ಕಸ್ ನಗರದಲ್ಲಿದ್ದನು. ಅವನೇ ಅಮೀರ್ ಅಬ್ದುಲ್ ಖಾದಿರ್.

1808ರಲ್ಲಿ ಅಲ್ಜೀರಿಯದಲ್ಲಿ ಹುಟ್ಟಿದ ಈತನು ಇಸ್ಲಾಂ ಧರ್ಮದ ವಿದ್ವಾಂಸ. 1832ರಿಂದ 1847ರವರೆಗೆ ಫ್ರೆಂಚರನ್ನು ಎದುರಿಸಿದ ನಾಯಕ. ಪೂರ್ವದೇಶಕ್ಕೆ ಹೋಗಗೊಡುವೆವೆಂಬ ಮಾತನ್ನು ನಂಬಿ ಶರಣಾದನು. ಫ್ರೆಂಚ್ ಸರ್ಕಾರವು ಮಾತಿಗೆ ತಪ್ಪಿ ಸುಮಾರು 5 ವರ್ಷ ಅವನನ್ನು ಸೆರೆಯಲ್ಲಿಟ್ಟಿತು. 1852ರಲ್ಲಿ ಬಿಡುಗಡೆ ಹೊಂದಿ, 1855ರಲ್ಲಿ ಡಮಾಸ್ಕಸಿಗೆ ಬಂದು, ಪಾಠಪ್ರವಚನಗಳಲ್ಲಿ ತೊಡಗಿದನು. ಕ್ರೈಸ್ತರ ಮೇಲೆ ಹಗೆ ಸಾಧಿಸಲು ಯಾರಿಗಾದರೂ ಕಾರಣವಿದ್ದರೆ ಅದು ಇವನಿಗೇ ಎಂದು ನಿಮಗೆ ತೋರಬಹುದು.

ಆ ಪ್ರಾಂತ ತುರ್ಕಿ ಸುಲ್ತಾನನ ಆಳ್ವಿಕೆಯಲ್ಲಿತ್ತು. ಎಲ್ಲ ಮತದವರೂ ಸಮಾನರೆಂದು 1856ರ ರಾಜಾಜ್ಞೆ ಸಾರಿತ್ತು. ಆದರೆ ಆ ಸಮಾನತೆ ಜನರ ಮನಸ್ಸಿಗೆ ಇನ್ನೂ ಇಳಿದಿರಲಿಲ್ಲ. ತೆರಿಗೆಯ ತಕರಾರು, ವ್ಯಾಪಾರದ ಅಸೂಯೆ ಒಳಗೇ ಹೊಗೆಯಾಡುತ್ತಿದ್ದುವು. 1860ರ ಬೇಸಗೆಯಲ್ಲಿ ಲೆಬನಾನ್ ಬೆಟ್ಟದ ದ್ರೂಜರಿಗೂ ಮ್ಯಾರೊನೈಟ್ ಕ್ರೈಸ್ತರಿಗೂ ಕಾಳಗ ನಡೆದು, ಅದರ ಕಿಡಿ ಇಲ್ಲಿಗೂ ಹಾರಿತು. ಜುಲೈ 9ರಂದು, ಕ್ರೈಸ್ತರನ್ನು ಅವಮಾನಿಸಿದ ಹುಡುಗರಿಗೆ ಬೀದಿ ಗುಡಿಸುವ ಶಿಕ್ಷೆಯಾದುದೇ ನೆವವಾಗಿ, ಗುಂಪು ಕ್ರೈಸ್ತರ ಕೇರಿಗೆ ನುಗ್ಗಿತು. ಮನೆಗಳೂ ಇಗರ್ಜಿಗಳೂ ಉರಿದುವು. ಸಾವಿರಾರು ಮಂದಿ ಹತರಾದರು. ಅಧಿಪತಿ ಅಹಮದ್ ಪಾಷಾನ ಸೈನ್ಯ ಅದನ್ನು ತಡೆಯಲಿಲ್ಲ.

ಅಬ್ದುಲ್ ಖಾದಿರನು ಕೇಡನ್ನು ಮುಂಚೆಯೇ ಕಂಡು ಅಧಿಪತಿಯನ್ನು ಎಚ್ಚರಿಸಿದ್ದನು; ತನ್ನ ಅಲ್ಜೀರಿಯದ ಅನುಚರರಿಗೆ ಆಯುಧಗಳನ್ನೂ ಒದಗಿಸಿದ್ದನು. ಗಲಭೆ ಹೊತ್ತಿದೊಡನೆ ಅವರು ಬೀದಿ ಬೀದಿ ತಿರುಗಿ ಸಿಕ್ಕವರನ್ನೆಲ್ಲ ಅವನ ಮನೆಗೆ ಕರೆತಂದರು. ಫ್ರಾನ್ಸಿನ ಪ್ರತಿನಿಧಿಗೂ ಅಲ್ಲಿ ಆಶ್ರಯ ದೊರೆಯಿತು. ಮನೆ ತುಂಬಿದಾಗ ಜನರನ್ನು ಕಾವಲಿನೊಡನೆ ಕೋಟೆಗೆ ಸಾಗಿಸಿದನು. ಜೀವಸಹಿತ ಕರೆತಂದ ಪ್ರತಿಯೊಬ್ಬ ಕ್ರೈಸ್ತನಿಗೂ 50 ಪಿಯಾಸ್ತರ್ ಬಹುಮಾನವೆಂದು ಸಾರಿದನು. ಹೀಗೆ ಸಾವಿರಾರು ಪ್ರಾಣಗಳು ಉಳಿದುವು. ಮಿದಾನ್ ಎಂಬ ಕೇರಿಯ ಮುಸ್ಲಿಂ ಹಿರಿಯರೂ ನೆರೆಯ ಕ್ರೈಸ್ತರನ್ನು ಕಾಪಾಡಿದರೆಂಬುದನ್ನು ಮರೆಯಬಾರದು. ಮತಕ್ಕೂ ಮತಕ್ಕೂ ನಡೆದ ಯುದ್ಧವೆಂದು ಇದನ್ನು ಬಣ್ಣಿಸಿದರೆ ಈ ನೆರೆಹೊರೆಯವರಿಗೆ ಅನ್ಯಾಯ ಮಾಡಿದಂತಾಗುವುದು.

ಆಮೇಲೆ ಸುಲ್ತಾನನ ಮಂತ್ರಿ ಫುವಾದ್ ಪಾಷಾ ಬಂದು ನೂರಕ್ಕೂ ಹೆಚ್ಚು ಅಪರಾಧಿಗಳಿಗೆ ಮರಣದಂಡನೆ ವಿಧಿಸಿದನು. ಅಹಮದ್ ಪಾಷಾನಿಗೂ ಅದೇ ಗತಿಯಾಯಿತು. ದಂಡನೆ ನ್ಯಾಯವೇ ಇರಬಹುದು, ಆದರೂ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದಂತಾಯಿತು. ಅಮೀರನು ಬಾವಿಯನ್ನು ಮೊದಲೇ ತೋಡಿದ್ದನು.

ಫ್ರಾನ್ಸ್ ಅವನಿಗೆ ಅತ್ಯುನ್ನತ ಪದಕವನ್ನಿತ್ತಿತು. ಅಮೆರಿಕದ ಅಧ್ಯಕ್ಷ ಲಿಂಕನ್ ಪಿಸ್ತೂಲುಗಳನ್ನು ಕಾಣಿಕೆ ಕಳುಹಿಸಿದನು. ಅಲ್ಜೀರ್ಸಿನ ಬಿಷಪ್ಪನು ಕೃತಜ್ಞತೆ ತಿಳಿಸಿದಾಗ, ತನ್ನ ಧರ್ಮವೂ ಮಾನವತೆಯೂ ವಿಧಿಸಿದುದನ್ನೇ ಮಾಡಿದೆನೆಂಬ ಭಾವದ ಉತ್ತರವನ್ನು ಬರೆದನು. 1883ರಲ್ಲಿ ಡಮಾಸ್ಕಸಿನಲ್ಲೇ ತೀರಿಕೊಂಡನು.

ವಾಚಕರೇ, ಅಲ್ಪಸಂಖ್ಯಾತರ ರಕ್ಷಣೆ ದೊಡ್ಡ ಸರ್ಕಾರಗಳ ಕೆಲಸವೆಂದು ನಾವು ಎಣಿಸುವುದುಂಟು. ಅದು ಸರ್ಕಾರದ ಕರ್ತವ್ಯವೇ ಸರಿ. ಆದರೆ ಅಂದು ಡಮಾಸ್ಕಸಿನಲ್ಲಿ ಸರ್ಕಾರ ಕೈಬಿಟ್ಟ ಗಳಿಗೆಯಲ್ಲಿ ಜನರನ್ನು ಉಳಿಸಿದುದು ನೆರೆಯವರು ತೆರೆದ ಬಾಗಿಲು.