ದಂಡಾಧಿಕಾರ ಹಂಚಿಹೋದ ಬಗೆ

ಮೈಸೂರು ಸೀಮೆಯಲ್ಲಿ ಅಪರಾಧವಿಚಾರಣೆಯ ವ್ಯವಸ್ಥೆ ಬೆಳೆದುಬಂದ ಚರಿತ್ರೆಯೆಂದರೆ, ಬಹುಮಟ್ಟಿಗೆ, ಒಬ್ಬನ ಕೈಯಲ್ಲಿ ಸಮಗ್ರವಾಗಿದ್ದ ದಂಡಾಧಿಕಾರವು ಕಾಲಕ್ರಮದಲ್ಲಿ ಹಲವರ ಕೈಗೆ ಹಂಚಿಹೋದ ಚರಿತ್ರೆ. ಬೆಂಗಳೂರಿನ ರಾಜಾಜಿನಗರದಲ್ಲೊಂದು ಮನೆಗಳವಾದರೆ ಕಳ್ಳನನ್ನು ಹಿಡಿಯುವವರು ಪೊಲೀಸರು, ಆರೋಪವನ್ನು ನ್ಯಾಯಾಲಯದ ಮುಂದೆ ಮಂಡಿಸುವವರು ಸರ್ಕಾರಿ ಅಭಿಯೋಜಕರು, ತೀರ್ಪನ್ನು ಕೊಡುವವರು ನ್ಯಾಯಾಧೀಶರು, ಕೊಟ್ಟ ಶಿಕ್ಷೆಯನ್ನು ನಡೆಸುವವರು ಕಾರಾಗೃಹದ ಅಧಿಕಾರಿಗಳು ಎಂಬುದು ಇಂದು ನಮಗೆ ಸಹಜವೆಂದೇ ತೋರುತ್ತದೆ. ಆದರೆ ಈ ವಿಭಾಗ ತಾನಾಗಿ ಹುಟ್ಟಿದುದಲ್ಲ, ಒಂದೊಂದು ಹೆಜ್ಜೆಗೂ ಒಂದೊಂದು ಕಹಿಯಾದ ಅನುಭವವು ಕಾರಣವಾಗಿದ್ದಿತು.

ವಿಚಾರಣೆಗೊಂದು ಕ್ರಮವಿರಬೇಕೆಂಬ ಭಾವನೆ ನಮ್ಮ ನಾಡಿಗೆ ಹೊಸತಲ್ಲ. ಕಲ್ಯಾಣದಲ್ಲಿ ಚಾಳುಕ್ಯ ಆರನೆಯ ವಿಕ್ರಮಾದಿತ್ಯನು ಆಳುತ್ತಿದ್ದ ಕಾಲದಲ್ಲಿ, ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು, ವ್ಯವಹಾರಕ್ಕೆ ನಾಲ್ಕು ಪಾದಗಳೆಂಬ ಸ್ಮೃತಿಮತವನ್ನು ವಿಶದವಾಗಿ ವಿವರಿಸಿದ್ದಾನೆ: ವಾದಿಯ ಭಾಷೆ, ಪ್ರತಿವಾದಿಯ ಉತ್ತರ, ಪ್ರಮಾಣಗಳನ್ನು ಮುಂದಿಡುವ ಕ್ರಿಯೆ, ಕೊನೆಗೆ ಸಾಧ್ಯಸಿದ್ಧಿ. ಬರವಣಿಗೆ, ಅನುಭೋಗ, ಸಾಕ್ಷಿಗಳು ಎಂಬ ಮಾನುಷ ಪ್ರಮಾಣಗಳು ದೊರೆಯದ ಕಡೆಯಲ್ಲಿ ಮಾತ್ರ ತುಲಾ, ಅಗ್ನಿ, ಜಲ, ವಿಷ, ಕೋಶಗಳೆಂಬ ದಿವ್ಯಗಳಿಗೆ ಅವಕಾಶ. ಮನುಷ್ಯರ ಸಾಕ್ಷ್ಯವಿದ್ದಾಗ ದಿವ್ಯಕ್ಕೆ ಕೈಯಿಡಕೂಡದೆಂಬ ಆ ನಿಯಮದಲ್ಲಿ, ಸತ್ಯವನ್ನು ದೇಹದಂಡನೆಯಿಂದಲ್ಲದೆ ವಿವೇಚನೆಯಿಂದ ಕಾಣಬೇಕೆಂಬ ಆಸೆಯ ಮೊದಲ ಮೊಳಕೆಯನ್ನು ನಾನು ಗುರುತಿಸುತ್ತೇನೆ.

ಗ್ರಂಥದ ಮಾತು ಹೀಗಿದ್ದರೂ ಹಳ್ಳಿಯ ನಿತ್ಯಜೀವನದಲ್ಲಿ ನ್ಯಾಯವೆಂದರೆ ಪಟೇಲ, ಶಾನುಭೋಗ, ತಳವಾರ ಮತ್ತು ಪಂಚಾಯಿತಿ. ಇಂದು ಬಸವೇಶ್ವರನಗರ, ವಿಜಯನಗರಗಳೆಂದು ಕರೆಯುವ ಪ್ರದೇಶದಲ್ಲಿ ಸಾಣೆಗುರುವನಹಳ್ಳಿ, ಅಗ್ರಹಾರ ದಾಸರಹಳ್ಳಿ, ಹೊಸಹಳ್ಳಿ, ಮಾರೇನಹಳ್ಳಿಗಳ ಹೊಲಗದ್ದೆಗಳು ಹರಡಿಕೊಂಡಿದ್ದ ಕಾಲದಲ್ಲಿ, ರಾತ್ರಿಯ ಕಾವಲು ತಳವಾರನ ವಂಶಪಾರಂಪರ್ಯದ ಉಂಬಳಿಗೆ ಅಂಟಿಕೊಂಡು ಬಂದ ಕರ್ತವ್ಯವಾಗಿದ್ದಿತು. ಈ ವಂಶಾನುಗತ ಗ್ರಾಮಾಧಿಕಾರಗಳನ್ನು 1961ರ ಶಾಸನವೊಂದು ರದ್ದುಪಡಿಸಿತು.

ಹಳ್ಳಿಯ ಮೇಲೆ ಅಮಲ್ದಾರನಿದ್ದನು. 1831ರಲ್ಲಿ ಮೈಸೂರಿನ ಆಡಳಿತ ಬ್ರಿಟಿಷ್ ಕಮಿಷನರುಗಳ ಕೈಸೇರಿ, 1834ರಿಂದ 1861ರವರೆಗೆ ಮಾರ್ಕ್ ಕಬ್ಬನ್ ಕಮಿಷನರನಾಗಿದ್ದ ದೀರ್ಘಾವಧಿಯಲ್ಲಿ, ಕಂದಾಯ ವಸೂಲು ಮಾಡುವ ಅಮಲ್ದಾರನೇ ತಾಲ್ಲೂಕಿನ ಪೊಲೀಸಿಗೂ ಮುಖ್ಯಸ್ಥ, ಸಣ್ಣ ಅಪರಾಧಗಳಿಗೆ ಅವನೇ ನ್ಯಾಯಾಧಿಕಾರಿ. ಕಂದಾಯ ಬಾಕಿಯುಳಿಸಿದ ರೈತನೂ ಕದ್ದ ಕಳ್ಳನೂ ಒಂದೇ ಕಚೇರಿಯ ಜಗಲಿಯಲ್ಲಿ ಕಾಯುವ ಏರ್ಪಾಡು ಎಂತಹ ಪೀಡನೆಗೆ ಎಡೆಗೊಡಬಲ್ಲುದೆಂಬುದನ್ನು, ನೆರೆಯ ಮದರಾಸು ಪ್ರಾಂತದಲ್ಲಿ ಚಿತ್ರಹಿಂಸೆಯ ದೂರುಗಳನ್ನು ತನಿಖೆಮಾಡಲು ನೇಮಿಸಿದ ಆಯೋಗವು 1855ರಲ್ಲಿ ಸಲ್ಲಿಸಿದ ವರದಿ ಬಯಲುಮಾಡಿತು. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆ ಆರೋಪಿಯ ವಿರುದ್ಧ ಪ್ರಮಾಣವಾಗಕೂಡದೆಂದು 1872ರ ಸಾಕ್ಷ್ಯ ಅಧಿನಿಯಮದ 25ನೆಯ ಪ್ರಕರಣ ವಿಧಿಸಿದುದು ಇಂತಹ ಅನುಭವದ ಫಲ. 2023ರ ಹೊಸ ಸಾಕ್ಷ್ಯ ಅಧಿನಿಯಮದಲ್ಲಿಯೂ ಆ ನಿಯಮ 23ನೆಯ ಪ್ರಕರಣವಾಗಿ ಉಳಿದಿದೆ. ನಮ್ಮ ಇಡೀ ದಂಡವಿಧಿಯಲ್ಲಿ ಇದಕ್ಕಿಂತ ಮನುಷ್ಯತ್ವವುಳ್ಳ ವಾಕ್ಯ ಇನ್ನೊಂದಿಲ್ಲವೆಂದು ನನ್ನ ಎಣಿಕೆ.

ಮೈಸೂರಿನಲ್ಲಿ 1856ರಲ್ಲಿ ಜುಡಿಷಿಯಲ್ ಕಮಿಷನರ್ ಎಂಬ ಪ್ರತ್ಯೇಕ ಅಧಿಕಾರಿಯ ನೇಮಕವಾದುದು ಹಂಚಿಕೆಯ ಮೊದಲ ಹೆಜ್ಜೆ. ಕಬ್ಬನ್ನನ ತರುವಾಯ ಬಂದ ಬೌರಿಂಗನ ಕಾಲದಲ್ಲಿ 1860ರ ಭಾರತ ದಂಡಸಂಹಿತೆಯೂ ಅದರ ಜೊತೆಯ ಪ್ರಕ್ರಿಯಾಸಂಹಿತೆಯೂ ಇಲ್ಲಿಗೆ ಬಂದುವು. ಮುಂದೆ ಹೈಕೋರ್ಟಿನ ನೆಲೆಯಾದ ಅಠಾರಾ ಕಚೇರಿಯ ಕೆಂಪು ಕಟ್ಟಡ 1868ರಲ್ಲಿ ಮುಗಿಯಿತು. ರಾಜ್ಯವು 1881ರಲ್ಲಿ ಒಡೆಯರಿಗೆ ಮರಳಿದ ಮೂರು ವರ್ಷಕ್ಕೆ, ಅಂದರೆ 1884ರಲ್ಲಿ, ಮೂವರು ನ್ಯಾಯಾಧೀಶರ ಚೀಫ್ ಕೋರ್ಟು ಸ್ಥಾಪಿತವಾಗಿ, 1930ರಲ್ಲಿ ಅದು ಮೈಸೂರು ಹೈಕೋರ್ಟೆಂಬ ಹೆಸರನ್ನು ಪಡೆಯಿತು. ಬೆಂಗಳೂರಿನವರು ಮರೆತಿರಬಹುದಾದ ಸಂಗತಿಯೊಂದುಂಟು: 1947ರ ಜುಲೈ 26ರಂದು ದಂಡುಪ್ರದೇಶವು ಮೈಸೂರಿಗೆ ಹಿಂದಿರುಗುವವರೆಗೆ ಈ ಒಂದೇ ಊರಿನಲ್ಲಿ ಎರಡು ಆಡಳಿತಗಳೂ ಎರಡು ನ್ಯಾಯಾಧಿಕಾರಗಳೂ ಇದ್ದುವು, ಪೇಟೆಯದು ಮಹಾರಾಜರದು, ದಂಡಿನದು ಬ್ರಿಟಿಷ್ ರೆಸಿಡೆಂಟನದು.

ಸ್ವಾತಂತ್ರ್ಯಾನಂತರ ರಾಜಾಜಿನಗರದ ಕೈಗಾರಿಕಾ ಬಡಾವಣೆ ಎದ್ದಿತು. ಅದರ ಹಿಂದೆಯೇ ವಿಜಯನಗರ, ಬಸವೇಶ್ವರನಗರಗಳು ಬೆಳೆದುವು. ಪ್ರತ್ಯೇಕ ಊರಾಗಿದ್ದ ಕೆಂಗೇರಿಯೂ ಕಾಲಾಂತರದಲ್ಲಿ ನಗರದೊಳಗಾಯಿತು. ಹೀಗೆ ಬೆಳೆಯುತ್ತಿದ್ದ ಬೆಂಗಳೂರಿಗೆ 1963ರಲ್ಲಿ ಪೊಲೀಸ್ ಕಮಿಷನರ್ ಪದವಿ ಬಂದಿತು. ಆದರೆ ನಿಜವಾದ ಪರಿವರ್ತನೆ 1974ರ ಏಪ್ರಿಲ್ 1ರಂದು ಜಾರಿಗೆ ಬಂದ ಹೊಸ ಪ್ರಕ್ರಿಯಾಸಂಹಿತೆಯಿಂದಾದುದು. ನ್ಯಾಯಾಂಗ ಮ್ಯಾಜಿಸ್ಟ್ರೇಟರು ಕಂದಾಯಾಡಳಿತದ ಹಿಡಿತದಿಂದ ಬಿಡಿಸಿಕೊಂಡು ಹೈಕೋರ್ಟಿನ ಅಧೀನಕ್ಕೆ ಬಂದರು. ಅಲ್ಲಿಯವರೆಗೆ ಮ್ಯಾಜಿಸ್ಟ್ರೇಟರ ಮುಂದೆ ಪೊಲೀಸ್ ಅಧಿಕಾರಿಗಳೇ ಮೊಕದ್ದಮೆಗಳನ್ನು ನಡೆಸುತ್ತಿದ್ದ ಪದ್ಧತಿ ಹೋಗಿ ಸಹಾಯಕ ಸರ್ಕಾರಿ ಅಭಿಯೋಜಕರೆಂಬ ವಕೀಲವರ್ಗ ನಿಂತಿತು. ಅಮಲ್ದಾರನೊಬ್ಬನ ಕೈಯಲ್ಲಿದ್ದ ಅಧಿಕಾರಗಳು ಅಂದಿಗೆ ಬಹುಮಟ್ಟಿಗೆ ಬೇರ್ಪಟ್ಟುವು.

ಇಂದು ಪ್ರಕರಣವೊಂದರ ಗತಿಯನ್ನು ನೋಡೋಣ. ವಿಜಯನಗರದ ಠಾಣೆಗೆ ಒಬ್ಬರು ದೂರು ಕೊಟ್ಟರೆನ್ನಿ. ಪೊಲೀಸರು ವಾರಂಟಿಲ್ಲದೆ ಬಂಧಿಸಬಹುದಾದ ಅಪರಾಧವಾದರೆ ಎಫ್‌ಐಆರ್ ಆಗಲೇಬೇಕೆಂದು ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ಲಲಿತಾಕುಮಾರಿ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಅದರ ಪ್ರತಿಯೊಂದನ್ನು ಶುಲ್ಕವಿಲ್ಲದೆ ಪಡೆಯುವುದು ದೂರುದಾರರ ಹಕ್ಕು. ಅಪರಾಧವು ಬೇರೆ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ ದೂರನ್ನು ಸ್ವೀಕರಿಸಲೇಬೇಕು. ಆ ಬಳಿಕ ತನಿಖಾಧಿಕಾರಿ ಸ್ಥಳಕ್ಕೆ ಹೋಗಿ ಪಂಚರ ಸಮಕ್ಷಮ ಮಹಜರು ಬರೆಯುತ್ತಾರೆ, ಸಾಕ್ಷಿಗಳ ಹೇಳಿಕೆಗಳನ್ನು ದಾಖಲಿಸುತ್ತಾರೆ. ಸ್ತ್ರೀಯರನ್ನೂ, ಹದಿನೈದರೊಳಗಿನ ಮತ್ತು ಅರುವತ್ತು ಮೀರಿದ ಪುರುಷರನ್ನೂ ಸಾಕ್ಷಿಯ ಹೇಳಿಕೆಗಾಗಿ ಠಾಣೆಗೆ ಕರೆಸುವಂತಿಲ್ಲ, ಅವರ ಮನೆಗೇ ಹೋಗಬೇಕು. ಬಂಧಿತನನ್ನು, ಪ್ರಯಾಣದ ಕಾಲವನ್ನು ಕಳೆದು, 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಅಪರಾಧದ ಗುರುತ್ವಕ್ಕೆ ತಕ್ಕಂತೆ 60 ಅಥವಾ 90 ದಿನಗಳೊಳಗೆ ತನಿಖೆ ಮುಗಿದು ದೋಷಾರೋಪಣ ಪಟ್ಟಿ ಸಲ್ಲದಿದ್ದರೆ, ಬಂಧನದಲ್ಲಿರುವವನು ಕೇಳಿ ಜಾಮೀನು ಒದಗಿಸಿದೊಡನೆ ಬಿಡುಗಡೆ ಅವನ ಹಕ್ಕಾಗುತ್ತದೆ. ಆರೋಪಕ್ಕೆ ಆಧಾರ ಕಾಣದಿದ್ದರೆ ಪೊಲೀಸರು ‘ಬಿ’ ರಿಪೋರ್ಟ್ ಸಲ್ಲಿಸುತ್ತಾರೆ. ಅದನ್ನು ದೂರುದಾರರು ಮ್ಯಾಜಿಸ್ಟ್ರೇಟರ ಮುಂದೆ ಪ್ರತಿಭಟಿಸಬಹುದು. ಕೊಲೆಯಂತಹ ಘೋರಾಪರಾಧಗಳನ್ನು ಮ್ಯಾಜಿಸ್ಟ್ರೇಟರು ಸೆಷನ್ಸ್ ನ್ಯಾಯಾಲಯಕ್ಕೆ ಒಪ್ಪಿಸುತ್ತಾರೆ. ಜಾಮೀನು ದೊರೆಯದವನ ವಾಸ ಪರಪ್ಪನ ಅಗ್ರಹಾರದ ಸೆರೆಮನೆ. 2000ದವರೆಗೆ ಊರ ನಡುವೆ, ಇಂದಿನ ಫ್ರೀಡಂ ಪಾರ್ಕಿನಲ್ಲಿದ್ದ ಸೆರೆಮನೆ ಅಲ್ಲಿಗೆ ಹೋದುದರಿಂದ, ಮಗನನ್ನು ಕಾಣಲು ಕೆಂಗೇರಿಯ ತಾಯಿ ನಗರದ ಇನ್ನೊಂದು ಅಂಚಿಗೆ ಪ್ರಯಾಣಮಾಡಬೇಕಾಗಿದೆ. ವಕೀಲರನ್ನಿಡಲು ಶಕ್ತಿಯಿಲ್ಲದ ಇಂತಹವರಿಗೆ, 1987ರ ಕಾನೂನು ಸೇವೆಗಳ ಅಧಿನಿಯಮದ ಮೇರೆಗೆ, ಬಂಧನದಲ್ಲಿರುವವರ ಆದಾಯವೆಷ್ಟೆಂದು ಕೇಳದೆ ಉಚಿತವಾಗಿ ವಕೀಲರನ್ನು ಒದಗಿಸಬೇಕೆಂಬುದನ್ನೂ, ಅದಕ್ಕಾಗಿ 15100 ಎಂಬ ಸಹಾಯವಾಣಿಯುಂಟೆಂಬುದನ್ನೂ ಪ್ರತಿಯೊಂದು ಮನೆಯವರೂ ತಿಳಿದಿರಬೇಕು.

ಈ ಕ್ಷೇತ್ರದ ಇತ್ತೀಚಿನ ಚಿಂತನೆಯಲ್ಲಿ ಕರ್ನಾಟಕಕ್ಕೆ ದೊಡ್ಡ ಪಾಲಿದೆ. ರಾಜ್ಯದ ಶಾಸನದಿಂದ ಸ್ಥಾಪಿತವಾಗಿ 1988ರಲ್ಲಿ ಮೊದಲ ವಿದ್ಯಾರ್ಥಿಗಳನ್ನು ತೆಗೆದುಕೊಂಡ ರಾಷ್ಟ್ರೀಯ ಕಾನೂನು ಶಾಲೆ, ಮಾಧವ ಮೆನನ್ ಅವರ ನೇತೃತ್ವದಲ್ಲಿ ದೇಶದ ಕಾನೂನು ಶಿಕ್ಷಣದ ರೀತಿಯನ್ನೇ ಬದಲಾಯಿಸಿತು. ಅದು ನೆಲೆಸಿರುವುದು ಬೆಂಗಳೂರಿನ ಇದೇ ಪಶ್ಚಿಮ ಭಾಗದ ನಾಗರಭಾವಿಯಲ್ಲಿ. ಮಂಪರು ಪರೀಕ್ಷೆಯೆಂಬ ಹೊಸ ವಿಧಾನ ಬೆಂಗಳೂರಿನ ಪ್ರಯೋಗಾಲಯದಲ್ಲಿ ಬಳಕೆಗೆ ಬಂದು ತನಿಖೆಗೆ ಸುಲಭಮಾರ್ಗವೆಂಬ ಕೀರ್ತಿ ಹಬ್ಬಿದ್ದಾಗ, ಒಬ್ಬನ ಸಮ್ಮತಿಯಿಲ್ಲದೆ ಅವನ ಮೇಲೆ ಅದನ್ನು ಪ್ರಯೋಗಿಸುವುದು ಸಂವಿಧಾನವಿರುದ್ಧವೆಂದು 2010ರಲ್ಲಿ ಸರ್ವೋಚ್ಚ ನ್ಯಾಯಾಲಯ ಸಾರಿದುದು ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಎಂಬ ನಮ್ಮ ರಾಜ್ಯದ ಪ್ರಕರಣದಲ್ಲಿಯೇ. 1872ರ ನಿಯಮ ಲಾಠಿಯ ವಿಷಯದಲ್ಲಿ ಹೇಳಿದುದನ್ನು ಈ ತೀರ್ಪು ಸೂಜಿಮದ್ದಿನ ವಿಷಯದಲ್ಲಿ ಹೇಳಿತು.

ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಾಧೀಶರಾಗಿದ್ದ ನ್ಯಾಯಮೂರ್ತಿ ವಿ. ಎಸ್. ಮಳಿಮಠರ ಅಧ್ಯಕ್ಷತೆಯ ಸಮಿತಿ 2003ರಲ್ಲಿ ಸಲ್ಲಿಸಿದ ವರದಿ ಇನ್ನೊಂದು ದಿಕ್ಕಿನದು. ಅಪರಾಧಕ್ಕೆ ತುತ್ತಾದವರು ನ್ಯಾಯಾಲಯದಲ್ಲಿ ಮೂಕಪ್ರೇಕ್ಷಕರಾಗಿದ್ದಾರೆಂಬ ಅದರ ದೂರು ಸತ್ಯವಾದುದು. ಅವರಿಗೆ ಪರಿಹಾರ ಕೊಡುವ ಯೋಜನೆಗಳು ಆ ಬಳಿಕ ಬಂದುವು. ಆದರೆ ಸಂಶಯಾತೀತವಾದ ರುಜುವಾತೆಂಬ ಕಟ್ಟಳೆಯನ್ನು ಸಡಿಲಿಸಬೇಕೆಂಬ ಸಲಹೆಯನ್ನು ದೇಶವು ಅಂಗೀಕರಿಸಲಿಲ್ಲ. ಅಂಗೀಕರಿಸದೆ ಉಳಿದುದು ಒಳ್ಳೆಯದೇ ಆಯಿತು: ತನಿಖೆ ದುರ್ಬಲವಾದಾಗ ತನಿಖೆಯನ್ನು ಬಲಪಡಿಸಬೇಕೇ ಹೊರತು ಶಿಕ್ಷೆಯ ಹೊಸ್ತಿಲನ್ನು ತಗ್ಗಿಸಬಾರದು.

2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಅಧಿನಿಯಮಗಳು ಹಳೆಯ ಮೂರು ಶಾಸನಗಳ ಸ್ಥಾನವನ್ನು ಪಡೆದಿವೆ. ದಂಡಸಂಹಿತೆಯ 511 ಪ್ರಕರಣಗಳು 358ಕ್ಕೆ ಇಳಿದಿವೆ. ಶೋಧ ಮತ್ತು ಜಪ್ತಿಗಳ ವಿಡಿಯೋ ಚಿತ್ರೀಕರಣ, ಏಳು ವರ್ಷ ಅಥವಾ ಅದಕ್ಕೆ ಮೇಲ್ಪಟ್ಟ ಶಿಕ್ಷೆಯುಳ್ಳ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕೆಂಬ ವಿಧಿ, ತನಿಖೆಯ ಪ್ರಗತಿಯನ್ನು 90 ದಿನಗಳೊಳಗೆ ದೂರುದಾರರಿಗೆ ತಿಳಿಸಬೇಕೆಂಬ ನಿಯಮ, ಇವು ಸ್ವಾಗತಾರ್ಹ. ಹಿಂದೆ ಮೊದಲ ಹದಿನೈದು ದಿನಗಳಿಗೆ ಸೀಮಿತವಾಗಿದ್ದ ಪೊಲೀಸ್ ವಶವನ್ನು ಈಗ ಬಿಡಿಬಿಡಿಯಾಗಿ, ಮೊದಲ 40 ಅಥವಾ 60 ದಿನಗಳ ಅವಧಿಯಲ್ಲಿ ಎಂದಾದರೂ ಕೇಳಬಹುದೆಂಬ ವಿಧಿ ಮಾತ್ರ ನನ್ನನ್ನು ಕಳವಳಗೊಳಿಸುತ್ತದೆ; ಅದು ಹಂಚಿಹೋದ ಅಧಿಕಾರವನ್ನು ಮತ್ತೆ ಒಂದೇ ಕೈಯ ಕಡೆಗೆ ವಾಲಿಸುವ ಹೆಜ್ಜೆ. ಮೊಕದ್ದಮೆಗಳು ವರ್ಷಗಟ್ಟಲೆ ಎಳೆಯುತ್ತಿರುವುದು ಅಧಿಕಾರ ಹಂಚಿಹೋದುದರಿಂದಲ್ಲ; ನ್ಯಾಯಾಧೀಶರ ಹುದ್ದೆಗಳು ಖಾಲಿ ಬಿದ್ದಿರುವುದರಿಂದ, ಪ್ರಯೋಗಾಲಯದ ವರದಿ ತಡವಾಗುವುದರಿಂದ, ಸಾಕ್ಷಿಗಳು ಬಾರದಿರುವುದರಿಂದ.

ಈ ಕೊನೆಯ ಕಾರಣವು ನಮ್ಮ ಕೈಯಲ್ಲಿದೆ. ಮಹಜರಿಗೆ ಪಂಚರಾಗಿರೆಂದು ತನಿಖಾಧಿಕಾರಿ ಕರೆದರೆ ಬಾಗಿಲೆಳೆದುಕೊಳ್ಳುವ ಸಭ್ಯ ಗೃಹಸ್ಥರು ನಮ್ಮ ಬಡಾವಣೆಗಳಲ್ಲಿ ಹಲವರಿದ್ದಾರೆ. ಅವರ ಸ್ಥಾನಕ್ಕೆ ಠಾಣೆಯ ಪರಿಚಯದವರು ಬಂದು ರುಜು ಹಾಕುತ್ತಾರೆ, ಪಾಟೀಸವಾಲಿನಲ್ಲಿ ಆ ಸಾಕ್ಷ್ಯ ಬಿದ್ದುಹೋಗುತ್ತದೆ. ಕರೆ ಬಂದಾಗ ಹೋಗಿ. ಬರೆದುದನ್ನು ಪೂರ್ತಿಯಾಗಿ ಓದಿ, ಕಣ್ಣಾರೆ ಕಂಡುದಷ್ಟಕ್ಕೇ ರುಜು ಹಾಕಿ. ಸಮನ್ಸು ಬಂದ ದಿನ ನ್ಯಾಯಾಲಯಕ್ಕೆ ಹೋಗಿ ಅದನ್ನೇ ಹೇಳಿ ಬನ್ನಿ.